ಇಳಿಯೋ ಗೇಟು ನಾಲ್ಕಕ್ಕೆ

ಭಾನುವಾರ, ಮಾರ್ಚ್ ೧೭
ಮಧ್ಯಾಹ್ನ, ಹೆರಿಗೆ ಕೋಣೆಯಿಂದ

ನನ್ನ ಪುಟ್ಟಿಗೆ,

ಅಮ್ಮನ ಮುದ್ದು, ಹಾಗೇ ಒಂದು ಹೊರೆ ಕ್ಷಮೆ. ನೀನು ಚೆನ್ನಾಗಿದೀಯ ಅಂತ ನಿಮ್ಮಪ್ಪ ಬಂದು ಹೇಳಿದ್ರು, ಆದ್ರೂ ನಾನು ಕೇಳೋದು ಕೇಳ್ತೀನಿ. ಸಂಜೆ ಹೊತ್ತಿಗೆ ಪಾದ ಊದತ್ತಾ? ಬೆರಳಲ್ಲಿ ಒತ್ತಿ ನೋಡು, ಗುಳಿ ಬಿದ್ದು ಹಾಗೇ ಉಳಿದ್ರೆ ಡಾಕ್ಟ್ರಿಗೆ ಹೇಳು. ಎಡಮಗ್ಗುಲಾಗಿ ಮಲಗು. ಮಗು ಒದೆಯೋದನ್ನ ಲೆಕ್ಕ ಇಡ್ತಾ ಇದೀಯ ತಾನೇ?

ನಿನ್ನ ಕಾಗದ ಬಂದು ಇಪ್ಪತ್ತೆರಡು ದಿನ ಆಯ್ತು. ಫೋನ್ ಮಾಡಿದಾಗಲೆಲ್ಲ ನೀನು "ಓದಿದ್ಯಾ ಅಮ್ಮ?" ಅಂತೀಯ, ನಾನು "ಓದಿದೆ, ಓದಿದೆ, ಬರೀತೀನಿ" ಅಂತ ಹೇಳಿ, ಒಲೆ ಮೇಲೆ ಹಾಲು ಉಕ್ತಾ ಇದೆ ಅಂತ ಫೋನ್ ಇಟ್ಟುಬಿಡ್ತೀನಿ. ಒಲೆ ಮೇಲೆ ಏನೂ ಇರಲ್ಲ ಕಣೇ. ಮೊನ್ನೆ ನಿಮ್ಮಪ್ಪ ಕೇಳೇಬಿಟ್ರು, "ದಿನಾ ಉಕ್ಕೋ ಆ ಹಾಲು ನನ್ನ ಲೋಟಕ್ಕೆ ಮಾತ್ರ ಯಾಕೆ ಬರಲ್ಲ?" ಅಂತ. ನಗಬೇಕು ಅನ್ನಿಸ್ತು, ನಗು ಬರ್ಲಿಲ್ಲ.

ನೀನು ಕೇಳಿದ್ದು ಒಂದೇ ಮಾತು. ಮೇ ತಿಂಗಳಲ್ಲಿ ಹೆರಿಗೆಗೆ ಇಲ್ಲಿಗೆ ಬರ್ಲಾ? ನಿನ್ನ ಕೈಲೇ ಆಗ್ಲಿ ಅಂತ ಆಸೆ ಅಮ್ಮ. ಅಲ್ಲಿ ಆಸ್ಪತ್ರೇಲಿ ಹೆಸರು ಬರೆಸೋಕೆ ಈ ತಿಂಗಳ ಕೊನೇವರೆಗೆ ಟೈಮಿದೆ, ಅಷ್ಟರೊಳಗೆ ಹೂಂ ಅನ್ನು ಇಲ್ಲ ಉಹೂಂ ಅನ್ನು, ಅಡ್ಡಗೋಡೆ ಮೇಲೆ ದೀಪ ಇಡ್ಬೇಡ ಅಂತ ಬರೆದಿದೀಯ. ಅಮ್ಮನಿಗೆ ಗಾದೆ ಹೇಳೋ ಅಷ್ಟು ದೊಡ್ಡವಳಾದೆ. ಫೋನಲ್ಲಿ ಹೇಳಿದ್ರೆ ನನ್ನ ದನಿ ಕೇಳಿ ನೀನು ಏನೇನೋ ಊಹೆ ಮಾಡ್ಕೋತೀಯ, ಅದಕ್ಕೇ ಬರೀತಾ ಇದೀನಿ. ಇವತ್ತು ಕೋಣೆ ಖಾಲಿ. ಎರಡು ಹಾಸಿಗೆಗೂ ಒಗೆದ ಬಟ್ಟೆ ಹಾಸಿ, ಕತ್ತರಿ ಇಕ್ಕಳ ಎಲ್ಲ ಕುದಿಸಿ ಒಣಗೋಕಿಟ್ಟು, ತೂಕದ ತಕ್ಕಡಿ ಪಕ್ಕ ಮೇಜು ಎಳ್ಕೊಂಡು ಕೂತಿದೀನಿ. ಹೇಳ್ತೀನಿ. ಮೊದಲು ಊರಿನ ಸುದ್ದಿ ಹೇಳ್ಬಿಡ್ತೀನಿ.

ಹೊಸ ರಸ್ತೆ ತೆರೆದು ಐದೂವರೆ ತಿಂಗಳಾಯ್ತು. ಈ ಕಣಿವೆ ಜನಕ್ಕೆ ಇನ್ನೂ ಹುಚ್ಚು ಇಳಿದಿಲ್ಲ. ಅದರಲ್ಲಿ ನಿಮ್ಮಪ್ಪನೇ ಮೊದಲನೇ ನಂಬರು. ಕಟಿಂಗ್ ಮಾಡಿಸೋಕೆ ನಿನ್ನ ಊರಿಗೆ ಬರ್ತಾರೆ, ಗೊತ್ತಲ್ಲ? ಇಲ್ಲಿ ನಲವತ್ತು ವರ್ಷ ತಲೆ ಕೊಟ್ಟ ಅಂಗಡಿಯವನು ನನ್ನನ್ನ ದಾರೀಲಿ ತಡೆದು, "ಏನಮ್ಮ, ಯಜಮಾನ್ರ ತಲೇಲಿ ಅಷ್ಟು ಕೂದಲು ಎಲ್ಲಿಂದ ಬಂತು, ತಿಂಗಳಿಗೆ ನಾಲ್ಕು ಸಲ ಕತ್ತರಿಸೋಕೆ?" ಅಂತ ಕೇಳ್ದ. ಕತ್ತರಿಗಲ್ಲ ಮಾರಾಯ, ಸುರಂಗಕ್ಕೆ ಹೋಗೋದು ಅಂದೆ. ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಸುರಂಗದ ದೀಪ ಎಣಿಸ್ತಾರಂತೆ. ಹೋಗ್ತಾ ಒಂದು ಲೆಕ್ಕ ಬರತ್ತಂತೆ, ಬರ್ತಾ ಇನ್ನೊಂದು ಲೆಕ್ಕ, ಅದು ಸರಿಹೋಗೋವರೆಗೂ ಬಿಡಲ್ವಂತೆ.

ಒಳ್ಳೇದೂ ತುಂಬ ಆಗಿದೆ, ಇಲ್ಲ ಅನ್ನಲ್ಲ. ಕಾಲೇಜಿಗೆ ಹೋಗೋ ಹುಡುಗೀರು ಹಾಸ್ಟೆಲ್ ಬಿಟ್ಟು ಮನೆಗೆ ಬಂದಿದಾರೆ, ಬೆಳಗ್ಗೆ ಹೋಗಿ ಸಂಜೆ ವಾಪಸ್. ವಾರಕ್ಕೆರಡು ದಿನ ಕಣ್ಣಿನ ಡಾಕ್ಟ್ರು ಬರ್ತಾರೆ. ಬುಟ್ಟೀಲೇ ಬಾಡಿಹೋಗ್ತಿದ್ದ ಸೊಪ್ಪು ಈಗ ಹಸಿರಾಗಿ ಮಾರ್ಕೆಟ್ ಸೇರತ್ತೆ. ಇಪ್ಪತ್ತು ನಿಮಿಷಕ್ಕೊಂದು ಬಸ್ಸು. ಐದು ಗಂಟೆ ದಾರಿ ಐವತ್ತು ನಿಮಿಷಕ್ಕೆ ಬಂದಿದೆ. ಕುಡಿದ ಟೀ ಹೊಟ್ಟೇಲಿ ಆರೋದ್ರೊಳಗೆ ಕೆಳಗಿರ್ತೀವಿ ಅಂತಾರೆ ಬಸ್ ಡ್ರೈವರ್. ಎಲ್ಲರೂ ಹೋಗಿ ಬಂದ್ರು. ನಾನೊಬ್ಬಳೇ ಹೋಗಿಲ್ಲ ಅಂತ ನೀನೂ ರೇಗಿಸ್ತೀಯ, ಅಪ್ಪನೂ ರೇಗಿಸ್ತಾರೆ. ಊರಿಗೆಲ್ಲ ಒಂದು ದಾರಿ ಆದ್ರೆ ನಿಮ್ಮಮ್ಮನಿಗೇ ಒಂದು ದಾರಿ ಅಂತ.

ಹಳೇ ರಸ್ತೇಲಿ ಗೇಟು ಬಿದ್ರೆ ಯಾರನ್ನೂ ಬಿಡ್ತಿರ್ಲಿಲ್ಲ ಅಂದ್ರೆ ನಿನ್ನ ಗಂಡ ನಂಬಲಿಲ್ಲ ಅಂತ ಬರೆದಿದೀಯಲ್ಲ, ಈ ಭಾಗ ಅವರಿಗೆ ಓದಿ ಹೇಳು. ಅಳಿಯಂದ್ರೇ, ನಿಮ್ಮ ಹೆಂಡತಿ ಸುಳ್ಳು ಹೇಳಿಲ್ಲ. ಹಳೇ ದಾರೀಲಿ ಬಂಡೆ ಕೊರೆದು ಮಾಡಿದ ಒಂಬತ್ತು ಕಿಲೋಮೀಟರ್ ಇತ್ತು. ಒಂದು ಕಡೆ ಗೋಡೆ ಥರ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಒಂದು ಗಾಡಿ ಹೋಗೋ ಅಷ್ಟೇ ಅಗಲ. ಮೇಲೊಂದು ಗೇಟು, ಕೆಳಗೊಂದು ಗೇಟು. ಆರರಿಂದ ಎಂಟು ಹತ್ತೋರಿಗೆ, ಎಂಟರಿಂದ ಹತ್ತು ಇಳಿಯೋರಿಗೆ, ಹೀಗೇ ಎರಡೆರಡು ಗಂಟೆ ಸರದಿ. ಎರಡರಿಂದ ನಾಲ್ಕು ಹತ್ತೋರಿಗೆ, ನಾಲ್ಕರಿಂದ ಆರು ಇಳಿಯೋರಿಗೆ. ಗೇಟು ಬಿದ್ದ ಮೇಲೆ ಮಂತ್ರಿ ಬಂದ್ರೂ ಇಲ್ಲ, ಮದುವೆ ಗಂಡು ಬಂದ್ರೂ ಇಲ್ಲ, ರೋಗಿ ಇದ್ರೂ ಇಲ್ಲ. ಒಂದು ಸಲ ಅಯ್ಯೋ ಪಾಪ ಅಂತ ಬಿಟ್ಟು, ಎದುರಿಂದ ಲಾರಿ ಬಂದು, ಎರಡೂ ಗಾಡಿ ಕೆಳಗೆ ಹೋದ್ವು. ಅದು ನಾನು ಕೆಲಸಕ್ಕೆ ಸೇರೋಕೆ ಮುಂಚಿನ ಮಾತು. ಆಮೇಲೆ ಯಾರೂ ಕೇಳಲೂ ಇಲ್ಲ, ಯಾರೂ ಬಿಡಲೂ ಇಲ್ಲ.

ಈ ಕಣಿವೆಗೆ ಗಡಿಯಾರ ಅಂದ್ರೆ ಗೇಟೇ. ಸ್ಕೂಲು ಗೇಟಿನ ಹೊತ್ತಿಗೆ, ಪೋಸ್ಟು ಗೇಟಿನ ಹೊತ್ತಿಗೆ, ಬ್ರೆಡ್ಡು ಗೇಟಿನ ಹೊತ್ತಿಗೆ. ನನ್ನ ಕೆಲಸವೂ ಹಾಗೇ. ನೋವು ತಿಂತಿರೋ ಹೆಂಗಸನ್ನ ನೋಡಿದ ಕೂಡಲೇ ನನ್ನ ಒಂದು ಕಣ್ಣು ಅವಳ ಹೊಟ್ಟೆ ಮೇಲೆ, ಇನ್ನೊಂದು ಗೋಡೆ ಗಡಿಯಾರದ ಮೇಲೆ. ಈ ಗೇಟಿಗೆ ಕಳಿಸ್ಬೇಕಾ, ಮುಂದಿನ ಗೇಟಿಗಾ, ಇಲ್ಲ ಇಲ್ಲೇ ನಾನೇ ನೋಡ್ಕೋಬೇಕಾ? ಮೂವತ್ತೊಂದು ವರ್ಷ ಅದನ್ನೇ ಮಾಡಿದೀನಿ. ನರ್ಸಮ್ಮನಿಗೆ ಕೈಗುಣ ಇದೆ ಅಂತಾರೆ ಜನ. ಕೈಗುಣ ಎಲ್ಲ ಆಮೇಲೆ. ಹೊತ್ತು ನೋಡೋದು ಕಲಿತಿದ್ದೆ, ಅಷ್ಟೇ.

ಗೇಟು ಹೋದ ಮೇಲೂ ಜನರ ತಲೇಲಿ ಗೇಟು ಹೋಗಿಲ್ಲ, ಅದೊಂದು ತಮಾಷೆ ನೋಡು. ಬೇಕರಿಯವರು ಇವತ್ತಿಗೂ ನಾಲ್ಕಕ್ಕೆ ಮುಂಚೆ ಬಿಸಿ ಬನ್ನು ಜೋಡಿಸಿಟ್ಟು ಕಾಯ್ತಾರೆ, ತಗೊಳ್ಳೋರೇ ಇಲ್ಲ. ಮನೆಗೆ ಬಂದ ನೆಂಟರು ಮಾತಾಡ್ತಾ ಆಡ್ತಾ "ಅಯ್ಯೋ, ಗೇಟು!" ಅಂತ ಚಪ್ಪಲಿ ಮೆಟ್ಕೊಂಡು ಓಡ್ತಾರೆ, ಬಾಗಿಲ ಹತ್ರ ನಿಂತು ನಗ್ತಾರೆ, ಮತ್ತೆ ಬಂದು ಕೂತು ಇನ್ನೊಂದು ಲೋಟ ಟೀ ಕೇಳ್ತಾರೆ. ನಮ್ಮ ಗೇಟಣ್ಣನಿಗೆ ಸುರಂಗದ ಕಂಟ್ರೋಲ್ ರೂಮಲ್ಲಿ ಕೆಲಸ ಕೊಟ್ಟಿದಾರೆ. ಗಾಜಿನ ಕೋಣೆ, ಹದಿನಾರು ಟಿವಿ. "ನರ್ಸಮ್ಮ, ಮೂವತ್ತು ವರ್ಷ ಒಬ್ಬೊಬ್ಬರನ್ನೇ ನಿಲ್ಲಿಸಿ ಎಲ್ಲಿಗೆ, ಯಾಕೆ, ಯಾರಿಗೆ ಹುಷಾರಿಲ್ಲ ಅಂತ ಕೇಳ್ತಿದ್ದೆ. ಈಗ ಜುಯ್ ಅಂತ ಹೋಗ್ತಾರೆ, ಮುಖಾನೇ ಕಾಣಲ್ಲ. ಟಿವೀಲಿ ಬರೀ ತಲೆ ಮೇಲಿನ ಲಗೇಜ್ ಕಾಣತ್ತೆ" ಅಂದ. ಎರಡು ಗಂಟೆ ಆದ ಕೂಡಲೇ ಅವನ ಕೈ ಇಲ್ಲದ ಬಾವುಟ ಹುಡುಕತ್ತಂತೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಅವನೇ ನಕ್ಕ.

ಈಗ ಬೇಜಾರಿನ ಸುದ್ದಿ. ಹೋದ ತಿಂಗಳು ಆರೋಗ್ಯ ಇಲಾಖೆಯಿಂದ ಕಾಗದ ಬಂತು. ದೊಡ್ಡ ಆಸ್ಪತ್ರೆ ಐವತ್ತು ನಿಮಿಷದ ದೂರಕ್ಕೆ ಬಂದಿರೋದ್ರಿಂದ ಇಲ್ಲಿನ ಹೆರಿಗೆ ಕೋಣೆ ಇನ್ನು ಬೇಕಾಗಿಲ್ಲ, ಜೂನಿಂದ ಮುಚ್ತೀವಿ, ಇಲ್ಲಿ ತಪಾಸಣೆ ಮತ್ತೆ ಲಸಿಕೆ ಮಾತ್ರ ಇರತ್ತೆ ಅಂತ. ಊರಿಗೆ ಊರೇ ಸಿಟ್ಟಾಗಿದೆ. ಒಂದು ಅರ್ಜಿ ಬರೆದಿದಾರೆ, ಮನೆಮನೆಗೆ ಹೋಗಿ ಸಹಿ ಹಾಕಿಸ್ತಾ ಇದಾರೆ. ಮೊದಲನೇ ಸಾಲು ಖಾಲಿ ಬಿಟ್ಟಿದಾರೆ. ಅದು ನಂದಂತೆ.

ಅರ್ಜಿಗೆ ಮುಂದಾಳು ಯಾರು ಗೊತ್ತಾ? ನಿನ್ನ ಜೊತೆ ಓದಿದ ಟೈಲರ್. ಸೇತುವೆ ಹತ್ರ ಹೊಲಿಗೆ ಅಂಗಡಿ ಇಟ್ಟಿದಾಳಲ್ಲ, ಗಂಡ ಬಡಗಿ. ನಿನಗೆ ಮದುವೆ ಬ್ಲೌಸ್ ಬಿಗಿಯಾಗಿ ಹೊಲಿದುಕೊಟ್ಟು, ಊಟ ಆದ ಮೇಲೆ ಬಿಚ್ಚಿ ಅಗಲ ಮಾಡಿಕೊಟ್ಳಲ್ಲ, ಅವಳೇ. ಅವಳ ಮಗುವಿಗೆ ಈಗ ಐದು ತಿಂಗಳು ಹತ್ತಿರ. ಗಂಡು. ಪ್ರತಿ ಸೋಮವಾರ ತೂಕ ಹಾಕಿಸೋಕೆ ಕರ್ಕೊಂಡು ಬರ್ತಾಳೆ. ತೂಕ ಪರವಾಗಿಲ್ಲ. ಆದ್ರೆ ಆ ಮಗು ಇನ್ನೂ ಕತ್ತು ನಿಲ್ಲಿಸಿಲ್ಲ. ಮುಷ್ಟಿ ಬಿಡಿಸಲ್ಲ. ಚಪ್ಪಾಳೆ ತಟ್ಟಿದ್ರೆ ತಿರುಗಲ್ಲ. ಹಾಲು ಕುಡಿಸೋಕೆ ಒಂದೊಂದು ಸಲಕ್ಕೂ ಒಂದು ಗಂಟೆ ಬೇಕು ಅವಳಿಗೆ. ಅವರತ್ತೆ "ನಮ್ಮ ಮನೆ ಗಂಡುಮಕ್ಕಳೆಲ್ಲ ನಿಧಾನವೇ, ಇವನಪ್ಪ ಮಾತಾಡಿದ್ದೇ ಮೂರು ವರ್ಷಕ್ಕೆ" ಅಂತಾರೆ. ಟೈಲರ್ ನನ್ನ ಮುಖ ನೋಡ್ತಾಳೆ. ನಾನು ತಕ್ಕಡಿ ಮುಳ್ಳು ನೋಡ್ತೀನಿ.

ಅರ್ಜಿ ಸಭೆಗೆ ನನ್ನನ್ನೂ ಕರ್ಕೊಂಡು ಹೋಗಿ ಮುಂದಿನ ಕುರ್ಚೀಲಿ ಕೂರಿಸಿದ್ರು. ಅವಳು ಮಗೂನ ಹೆಗಲ ಮೇಲೆ ಹಾಕ್ಕೊಂಡು ಎದ್ದು ನಿಂತು ಮಾತಾಡಿದ್ಳು. "ನನ್ನ ಮಗು ಉಸಿರೇ ಇಲ್ಲದೆ ಹುಟ್ಟಿತ್ತು. ನರ್ಸಮ್ಮ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ರು. ಇವರು ಇಲ್ದೇ ಇದ್ದಿದ್ರೆ ಇವನು ಇವತ್ತು ಇರ್ತಾ ಇರ್ಲಿಲ್ಲ. ಇಂಥವರ ಕೋಣೆ ಮುಚ್ತಾರಂತೆ!" ಅಂದ್ಳು. ಜನ ಚಪ್ಪಾಳೆ ಹೊಡೆದ್ರು. ಆ ಸದ್ದಿಗೂ ಮಗು ಕಣ್ಣು ಪಿಳುಕಿಸಲಿಲ್ಲ ಪುಟ್ಟಿ. ನಾನು ಎದ್ದು ಹೊರಗೆ ಹೋದೆ. ನರ್ಸಮ್ಮನಿಗೆ ದುಃಖ ಒತ್ತರಿಸಿ ಬಂತು ಅಂದ್ಕೊಂಡ್ರು.

ಹೋದ ವಾರ ಇಲಾಖೆಯಿಂದ ಒಬ್ಬ ಆಫೀಸರ್ ಬಂದಿದ್ರು. ವಯಸ್ಸು ಚಿಕ್ಕದು, ಒಳ್ಳೇ ಮಾತು. ಫಾರಂ ತುಂಬ್ತಾ ತುಂಬ್ತಾ ಕೇಳಿದ್ರು: "ರಸ್ತೆ ತೆರೆದ ಮೇಲೆ ಯಾರನ್ನಾದ್ರೂ ಕೆಳಗೆ ಕಳಿಸೋದು ತಡ ಆಗಿತ್ತಾ ಮೇಡಂ?" ಎಲ್ಲರಿಗೂ ಕೇಳೋ ಪ್ರಶ್ನೆ ಅದು, ಫಾರಂನಲ್ಲೇ ಅಚ್ಚಾಗಿತ್ತು. ನಾನು ರೇಗಿಬಿಟ್ಟೆ. ನೀವು ಹುಟ್ಟೋಕೆ ಮುಂಚಿಂದ ನಾನು ಈ ಕೆಲಸ ಮಾಡ್ತಾ ಇದೀನಿ, ನನ್ನನ್ನ ಪರೀಕ್ಷೆ ಮಾಡೋಕೆ ಬಂದ್ರಾ ಅಂತ ಕೂಗಾಡಿದೆ. ಪಾಪ, ಪೆನ್ನು ಮುಚ್ಚಿ "ಇಲ್ಲ ಅಂತ ಬರ್ಕೋತೀನಿ ಮೇಡಂ" ಅಂದ್ರು. ಯಾಕೆ ಹಾಗೆ ರೇಗಿದೆನೋ ನನಗೇ ಗೊತ್ತಿಲ್ಲ. ವಯಸ್ಸಾಯ್ತು ಅಂತ ಕಾಣತ್ತೆ.

ಫೋನಲ್ಲಿ ನನ್ನ ಆರೋಗ್ಯ ಕೇಳ್ತೀಯಲ್ಲ. ಪರವಾಗಿಲ್ಲ. ಊಟ ಅಷ್ಟಕ್ಕಷ್ಟೇ. ಅಂಗಳದಲ್ಲಿ ಆಂಬುಲೆನ್ಸ್ ಬಾಗಿಲು ಧಡ್ ಅಂದ್ರೆ ಸಾಕು, ಎದೆ ಧಸಕ್ ಅನ್ನತ್ತೆ. ಹೊಟ್ಟೆ ಹೊತ್ತವರು ಯಾರೇ ಬರ್ಲಿ, ಬಂದ ಐದು ನಿಮಿಷಕ್ಕೆ ಕೆಳಗೆ ಕಳಿಸಿಬಿಡ್ತೀನಿ. ಹೋದ ಮೂರು ತಿಂಗಳಲ್ಲಿ ಈ ಕೋಣೇಲಿ ಒಂದೇ ಒಂದು ಹೆರಿಗೆ ಆಗಿದೆ. ಅದೂ ಬಾಗಿಲು ದಾಟೋದ್ರೊಳಗೆ ಆಗೇಹೋಯ್ತು, ನಾನೇನೂ ಮಾಡ್ಲಿಲ್ಲ, ಹಿಡ್ಕೊಂಡೆ ಅಷ್ಟೇ. "ನರ್ಸಮ್ಮ, ಮೂರನೇ ಹೆರಿಗೆ ನಂದು, ಬೆಣ್ಣೆ ಥರ ಆಗತ್ತೆ, ಇಲ್ಲೇ ಇರ್ತೀನಿ" ಅಂತ ಬೇಡ್ಕೊಂಡೋಳನ್ನೂ ಕಳಿಸಿದೀನಿ. ನಾವು ಅರ್ಜಿ ಬರೀತಿದ್ರೆ ನೀವೇ ಕೋಣೆ ಖಾಲಿ ಮಾಡ್ತಿದೀರಲ್ಲ ಅಂತ ಜನ ಗೊಣಗ್ತಾರೆ.

ಸರಿ. ನಿನ್ನ ಪ್ರಶ್ನೆಗೆ ಬರ್ತೀನಿ. ಉಹೂಂ, ಪುಟ್ಟಿ.

ಕಾರಣ ಹೇಳ್ತೀನಿ, ಸಿಟ್ಟಾಗ್ಬೇಡ. ಒಂದು, ಕೋಣೆ ಮುಚ್ಚೋದೇ ಖಾತ್ರಿ, ಈಗಲೇ ಔಷಧಿ ಸರಿಯಾಗಿ ಕಳಿಸ್ತಾ ಇಲ್ಲ. ಆಮೇಲೆ ನನ್ನ ಮಂಡಿ, ಹೆಚ್ಚು ಹೊತ್ತು ಬಗ್ಗಿ ನಿಲ್ಲೋಕಾಗಲ್ಲ. ಸ್ವಂತ ಮಗಳ ಹೆರಿಗೆ ಮಾಡ್ಬಾರ್ದು ಅಂತ ನಮಗೆ ಟ್ರೇನಿಂಗಲ್ಲೇ ಹೇಳಿದ್ರು, ಕೈ ನಡುಗತ್ತೆ. ನಿಮ್ಮಪ್ಪ ಬೇರೆ ಗಾಬರಿ ಮಾಡ್ಕೊಳ್ಳೋ ಆಸಾಮಿ, ನೀನು ಅಮ್ಮಾ ಅಂದ್ರೆ ಅವರು ಅಯ್ಯೋ ಅಂತಾರೆ, ನಾನು ಯಾರನ್ನ ನೋಡ್ಲಿ? ಅಲ್ಲೇ ಹೆಸರು ಬರೆಸು. ನಾನು ವಾರ ಮೊದಲೇ ಬಂದು ನಿನ್ನ ಜೊತೆ ಇರ್ತೀನಿ. ಗಂಜಿ ಕಾಯಿಸ್ತೀನಿ, ಬೆನ್ನು ಒತ್ತುತೀನಿ, ಹುಟ್ಟಿದ ಮೇಲೆ ಸ್ನಾನ ಮಾಡಿಸ್ತೀನಿ. ಅಮ್ಮ ಮಾಡೋದೆಲ್ಲ ಮಾಡ್ತೀನಿ. ನರ್ಸಮ್ಮ ಮಾತ್ರ ಬೇಡ.

ಅಳಿಯಂದ್ರಿಗೆ ನನ್ನ ನೆನಪು ಹೇಳು. ಭಾರ ಎತ್ತಬೇಡ, ಮೆಟ್ಟಿಲು ಹತ್ತುವಾಗ ಕಂಬಿ ಹಿಡ್ಕೋ. ನೀನು ಹುಟ್ಟಿದ ದಿನ ನಿನ್ನನ್ನ ಎದೆ ಮೇಲೆ ಹಾಕ್ಕೊಂಡಾಗ ನನಗೆ ಎಷ್ಟು ಸುಖ ಆಗಿತ್ತೋ ಅಷ್ಟೂ ನಿನಗೆ ಸಿಗ್ಲಿ. ಹೊಟ್ಟೆಯೊಳಗಿರೋ ಕೂಸು ಕೆಂಪಗೆ ಹುಟ್ಟಲಿ, ಹುಟ್ಟಿದ ಕೂಡಲೇ ಊರು ಕೇಳೋ ಹಾಗೆ ಅಳಲಿ. ನಾನು ಬೇಡ್ಕೊಳ್ಳೋದು ಅಷ್ಟೇ.

ನಿನ್ನ
ಅಮ್ಮ

ಮ.ಮ.: ಕಾಗದ ಮಡಿಸಿ ಲಕೋಟೆಗೆ ಹಾಕಿ, ಅಂಟಿಸೋಕೆ ಹೋಗಿ ಮತ್ತೆ ತೆಗೆದೆ. ಮೇಲೆ ಬರೆದಿದ್ರಲ್ಲಿ ಒಂದೂ ನಿಜವಾದ ಕಾರಣ ಅಲ್ಲ. ನನ್ನ ಮಂಡಿಗೆ ಏನೂ ಆಗಿಲ್ಲ. ಯಾಕೆ ರೇಗಿದೆ ಅಂತ ಗೊತ್ತಿಲ್ಲ ಅಂತ ಬರೆದೆ. ಗೊತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಯ್ತು ನನ್ನ ಕತೆ. ಇದನ್ನ ಅಳಿಯಂದ್ರಿಗೆ ಓದಿ ಹೇಳ್ಬೇಡ. ಮೊದಲು ನೀನು ಕೂತ್ಕೊಂಡು ಓದು.

ಟೈಲರ್ ಹೆರಿಗೆಗೆ ಬಂದಿದ್ದು ಹೊಸ ರಸ್ತೆ ತೆರೆದ ಹತ್ತೊಂಬತ್ತನೇ ದಿನ. ಬೆಳಗ್ಗೆ ಹತ್ತಕ್ಕೆ ಬಂದ್ಳು. ಮಧ್ಯಾಹ್ನದವರೆಗೂ ಎಲ್ಲ ಸರಿ ಇತ್ತು. ಎರಡು ಇಪ್ಪತ್ತಕ್ಕೆ ನೀರು ಒಡೀತು, ಹಸಿರು ಬಣ್ಣ ಇತ್ತು. ಹೊಟ್ಟೆಗೆ ಕಿವಿ ಇಟ್ಟು ಕೇಳಿದೆ, ನೋವು ಬಂದು ಹೋದ ಮೇಲೂ ಮಗುವಿನ ಎದೆಬಡಿತ ಮೇಲೆ ಏಳ್ತಾ ಇರ್ಲಿಲ್ಲ. ಆಗ ಏನು ಮಾಡ್ಬೇಕು ಅಂತ ನನಗೆ ಗೊತ್ತು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ತಕ್ಷಣ ಕಳಿಸ್ಬೇಕು. ನಾನು ತಲೆ ಎತ್ತಿ ಗೋಡೆ ಗಡಿಯಾರ ನೋಡಿದೆ. "ಇಳಿಯೋ ಗೇಟು ನಾಲ್ಕಕ್ಕೆ. ಅಷ್ಟರೊಳಗೆ ಇಲ್ಲೇ ಮಾಡ್ಕೊಳ್ಳೋಣ" ಅಂದೆ.

ಬಡಗಿ ತಲೆ ಆಡಿಸಿದ. ಅವನಮ್ಮ "ಹೂಂ, ಎರಡಕ್ಕೇ ಬಿತ್ತಲ್ಲ" ಅಂದ್ರು. ಟೈಲರ್ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು "ನೀವಿದೀರಲ್ಲ ನರ್ಸಮ್ಮ" ಅಂದ್ಳು. ಕೋಣೇಲಿ ನಾಲ್ಕು ಜನ ಇದ್ವಿ. ಕಿಟಕಿಯಿಂದ ನೋಡಿದ್ರೆ ಸೇತುವೆ ಮೇಲೆ ಹೊಸ ರಸ್ತೆಯ ಗಾಡಿಗಳು ಕಾಣ್ತಾ ಇದ್ವು. ಅಂಗಳದಲ್ಲಿ ಆಂಬುಲೆನ್ಸ್ ಇತ್ತು, ಡ್ರೈವರ್ ಪೈಪ್ ಹಿಡ್ಕೊಂಡು ಅದನ್ನ ತೊಳೀತಾ ಇದ್ದ. ಒಬ್ಬರಿಗೂ ಹೊಳೀಲಿಲ್ಲ. ಅವರಿಗೆ ಹೊಳೀಬೇಕಾಗಿಯೂ ಇರ್ಲಿಲ್ಲ ಪುಟ್ಟಿ. ಹೊತ್ತು ನೋಡೋದು ನನ್ನ ಕೆಲಸ.

ಮೂರು ಐವತ್ತೈದಕ್ಕೆ ಮಗು ಹುಟ್ತು. ಬಿಳಿಚಿಕೊಂಡು ತಣ್ಣಗಿತ್ತು. ಹನ್ನೊಂದು ನಿಮಿಷ ಆದ ಮೇಲೆ ಒಂದು ಸಣ್ಣ ಉಸಿರು ಎಳೀತು. ಆಗ ಡ್ರೈವರ್ ಬಾಗಿಲು ತಟ್ಟಿ "ಕೆಳಗೆ ಕರ್ಕೊಂಡು ಹೋಗ್ಬೇಕಾ ಅಮ್ಮ?" ಅಂದ. ಹೂಂ, ಗೇಟು ಬಿಡ್ತಾ ಅಂತ ಕೇಳಿದೆ. ಅವನೂ ವಾಚು ನೋಡ್ಕೊಂಡ. ಆಮೇಲೆ ತಲೆ ಎತ್ತಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಅವನು ಓಡಿಹೋಗಿ ಗಾಡಿ ತಿರುಗಿಸಿದ. ಮಗೂನ ಬಡಗಿ ಜೊತೆ ಕಳಿಸಿ ನಾನು ಟೈಲರ್ ಹತ್ರ ಉಳಿದೆ. ಡ್ರೈವರ್ ಇವತ್ತಿಗೂ ಆ ಮಾತು ಎತ್ತಿಲ್ಲ. ಅಂಗಳದಲ್ಲಿ ನಾನು ಕಂಡ್ರೆ ಬಾನೆಟ್ ಎತ್ತಿ ಒಳಗೆ ತಲೆ ಹಾಕ್ತಾನೆ.

ನಾನು ಆ ರಸ್ತೇಲಿ ಹೋಗೇ ಇಲ್ಲ ಅಂದಿದ್ದೂ ಸುಳ್ಳು. ಗುರುವಾರ ಹೋಗಿದ್ದೆ. ಅಪ್ಪನಿಗೆ ಲಸಿಕೆ ಕೆಲಸ ಇದೆ ಅಂದೆ. ಬೇಕು ಅಂತಲೇ ಎರಡು ಇಪ್ಪತ್ತರ ಬಸ್ಸು ಹತ್ತಿದೆ. ಸುರಂಗ ಬಂತು, ಹೋಯ್ತು. ನಿನ್ನ ಆಸ್ಪತ್ರೆ ಬಾಗಿಲಲ್ಲಿ ಇಳಿದಾಗ ಮೂರು ಗಂಟೆ ಎಂಟು ನಿಮಿಷ. ಬಸ್ಸಲ್ಲಿ, ಅಲ್ಲಲ್ಲಿ ನಿಲ್ಲಿಸ್ಕೊಂಡು ಬಂದೂ, ನಲವತ್ತೆಂಟು ನಿಮಿಷ. ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಕೌಂಟರಿನಲ್ಲಿದ್ದ ನರ್ಸು "ಯಾರನ್ನ ನೋಡೋಕೆ ಬಂದಿದೀರಮ್ಮ?" ಅಂತ ಕೇಳಿದ್ಳು. ಯಾರನ್ನೂ ಇಲ್ಲ ಅಂದೆ. ಮೂರು ಐವತ್ತೈದರವರೆಗೂ ಕೂತಿದ್ದೆ. ನಲವತ್ತೇಳು ನಿಮಿಷ. ಎಷ್ಟು ದೊಡ್ಡದು ಗೊತ್ತಾ ಅದು? ಆ ಹೊತ್ತಲ್ಲಿ ಎರಡು ಸ್ಟ್ರೆಚರ್ ಓಡಿದ್ವು, ಒಂದು ಬಾಗಿಲ ಮೇಲಿನ ಕೆಂಪು ದೀಪ ಹತ್ತಿ ಆರಿತು, ಯಾರದೋ ಮಗು ಅತ್ತಿತು, ಯಾರೋ ಅಜ್ಜ ಫೋನಲ್ಲಿ "ಹೆಣ್ಣು, ಹೆಣ್ಣು!" ಅಂತ ಕೂಗಿದ. ನಿನ್ನ ಮನೆ ಎರಡು ಬೀದಿ ಆಚೆ. ನಿನ್ನ ಹೊಟ್ಟೆ ನೋಡಿದ್ರೆ ತಡೆಯೋಕಾಗಲ್ಲ ಅಂತ ಹಾಗೇ ವಾಪಸ್ ಬಂದೆ. ಕ್ಷಮಿಸು.

ನಾಳೆ ಸೋಮವಾರ. ಅವಳು ಮಗೂನೂ ಅರ್ಜೀನೂ ಎರಡೂ ತರ್ತಾಳೆ. ನಾನು ಸಹಿ ಹಾಕಲ್ಲ. ಯಾಕೆ ಅಂತ ಅವಳಿಗೆ ಹೇಳ್ತೀನಿ, ಬಡಗಿಗೂ ಹೇಳ್ತೀನಿ, ಆಮೇಲೆ ಆ ಆಫೀಸರ್‌ಗೆ ಬರೀತೀನಿ. ಅವಳ ಕಣ್ಣಲ್ಲಿ ಆಗ ಏನು ಕಾಣತ್ತೋ ಅಂತ ನೆನೆಸ್ಕೊಂಡ್ರೆ ಈಗಲೇ ಪೆನ್ನು ಕೆಳಗಿಟ್ಟುಬಿಡೋಣ ಅನ್ನಿಸತ್ತೆ. ಎಲ್ಲಿ ಹೆದರಿ ಬಾಯಿ ಮುಚ್ಕೋತೀನೋ ಅಂತಲೇ ಇದನ್ನ ನಿನಗೆ ಬರೆದೆ. ಅಪ್ಪನ ಕೈಲಿ ಕೊಡದೆ ಇವತ್ತೇ ಪೋಸ್ಟ್ ಡಬ್ಬಿಗೆ ಹಾಕಿಬಿಡ್ತೀನಿ. ನಿನಗೆ ಗೊತ್ತಾದ ಮೇಲೆ ನನಗೆ ತಪ್ಪಿಸ್ಕೊಳ್ಳೋಕೆ ಜಾಗ ಇರಲ್ಲ.

"ನಿನ್ನ ಕೈಲಿ ಆದ್ರೆ ನನಗೆ ಒಂಚೂರೂ ಭಯ ಇಲ್ಲಮ್ಮ" ಅಂತ ಬರೆದಿದೀಯ. ಅವಳೂ ಅದನ್ನೇ ಹೇಳಿದ್ಳು. ಬೇಡ ಪುಟ್ಟಿ. ನೋವು ಶುರುವಾಯ್ತು ಅಂದ್ರೆ ಫೋನ್ ಮಾಡಿ ನನ್ನನ್ನ ಕೇಳ್ಬೇಡ. ಹೊರಡು.